ಕೋರ್ಸ್‌ವರ್ಕ್ ಮುಗಿದ ಮೇಲೆ ಕೇಳುವವರೇ ಇಲ್ಲ: ನಮ್ಮ ಕಡೆಯ ಪಿಎಚ್.ಡಿ. ವಿದ್ಯಾರ್ಥಿಗಳು ಹೇಗೆ ನಿಭಾಯಿಸುತ್ತಿದ್ದೀರಿ?

ನೀರುಗಂಟಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ಓದಿಕೊಂಡಷ್ಟೇ ಇದ್ದವಳು, ಬರೆಯುತ್ತಿರುವುದು ಇದೇ ಮೊದಲು. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಮೂರನೇ ವರ್ಷ. ವಿಷಯ ಕೋಲಾರ, ಚಿಕ್ಕಬಳ್ಳಾಪುರ ಭಾಗದ ಕೆರೆಗಳು ಮತ್ತು ನೀರುಗಂಟಿ ಮನೆತನಗಳು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುತ್ತಿದ್ದವರು ಅವರು. ನೋಂದಣಿ ಎಲ್ಲಿ ಎಂದು ಹೇಳುವುದಿಲ್ಲ. ವಾಸ ತುಮಕೂರಿನ ಒಂದು ಬಾಡಿಗೆ ಕೋಣೆಯಲ್ಲಿ.

ಕೋರ್ಸ್‌ವರ್ಕ್ ಇರುವವರೆಗೆ ಚೆನ್ನಾಗಿತ್ತು. ತರಗತಿ ಇತ್ತು, ಪರೀಕ್ಷೆ ಇತ್ತು, ಮಧ್ಯಾಹ್ನ ಜೊತೆಯಲ್ಲಿ ಊಟಕ್ಕೆ ಕೂರುವವರಿದ್ದರು. ಅದು ಮುಗಿದದ್ದೇ ತಡ, ಒಬ್ಬೊಬ್ಬರು ಒಂದೊಂದು ದಿಕ್ಕು. ಒಬ್ಬಳು ಮದುವೆಯಾಗಿ ಹೊಸಕೋಟೆಗೆ ಹೋದಳು, ಇನ್ನೊಬ್ಬ ಅತಿಥಿ ಉಪನ್ಯಾಸಕನಾಗಿ ಪಾವಗಡಕ್ಕೆ. ಈಗ ನಾನು ಎಷ್ಟು ಹೊತ್ತಿಗೆ ಎದ್ದರೂ ಕೇಳುವವರಿಲ್ಲ, ಏಳದಿದ್ದರೂ ಕೇಳುವವರಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ‘ಅಧ್ಯಾಯ 3 ಕೊನೆಯದು’, ‘ಅಧ್ಯಾಯ 3 ಕೊನೆಯದು ಹೊಸದು’, ‘ಅಧ್ಯಾಯ 3 ಇದೇ ಕೊನೆ’ ಎಂಬ ಫೈಲುಗಳಿವೆ. ಎಲ್ಲದರಲ್ಲೂ ಮೊದಲ ಎರಡು ಪುಟ ಒಂದೇ, ಆಮೇಲೆ ಏನೂ ಇಲ್ಲ. ಮುಳಬಾಗಿಲು ಕಡೆಯ ಒಬ್ಬ ಅಜ್ಜ ಇಡೀ ಮಧ್ಯಾಹ್ನ ಕೆರೆ ಏರಿಯ ಮೇಲೆ ಕುಳಿತು ಮಾತನಾಡಿದ್ದು ಮೊಬೈಲ್‌ನಲ್ಲಿದೆ. ಅದನ್ನು ಕೇಳಿ ಬರೆದುಕೊಳ್ಳಬೇಕು. ಹಚ್ಚಿದರೆ ಮೊದಲಿಗೆ ಗಾಳಿಯ ಸದ್ದು, ಆಮೇಲೆ ಅವರು ‘ಊಟ ಆಯಿತೇನಮ್ಮ?’ ಎಂದು ಕೇಳುತ್ತಾರೆ. ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ. ಮುಂದಕ್ಕೆ ಕೇಳಲು ಆಗುವುದಿಲ್ಲ.

ನಿದ್ದೆ ಹತ್ತುವುದು ಬೆಳಗಿನ ಜಾವ. ನಮ್ಮ ಗೈಡ್ ಕೆಟ್ಟವರಲ್ಲ, ಆದರೂ ಅವರ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಊರಿಗೆ ಹೋದರೆ ‘ಇನ್ನೂ ಓದುತ್ತಿದ್ದೀಯಾ?’ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

ಇದು ಸೋಮಾರಿತನವೋ, ಕಾಯಿಲೆಯೋ, ಅಥವಾ ಈ ದಾರಿಯೇ ನನಗೆ ಹೊಂದುವುದಿಲ್ಲವೋ? ಅನುಭವವಿದ್ದವರು ಹೇಳಿ. ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡಿ ಎನ್ನುವವರು ದಯವಿಟ್ಟು ಬೇರೆ ಯಾರಿಗಾದರೂ ಹೇಳಿ.

ಅಂತರಗಂಗೆ ಮೆಟ್ಟಿಲು, ಕೋಲಾರ

ನೀರುಗಂಟಿಯವರೇ, ಮೂರರಲ್ಲಿ ಮೊದಲನೆಯದನ್ನು ಈಗಲೇ ಹೊಡೆದುಹಾಕಿ. ಕೆಲಸ ಆಗಲಿಲ್ಲವೆಂದು ಸೋಮಾರಿಯ ಎದೆ ಹೊಡೆದುಕೊಳ್ಳುವುದಿಲ್ಲ, ಅವನು ಹಾಯಾಗಿ ಮಲಗುತ್ತಾನೆ.

ನನ್ನ ಪಿಎಚ್.ಡಿ. ಮುಗಿದು ಕೆಲವು ವರ್ಷಗಳಾದವು, ಈಗ ಅತಿಥಿ ಉಪನ್ಯಾಸಕ. ಬರವಣಿಗೆ ನಿಂತುಹೋದ ಕಾಲದಲ್ಲಿ ನಾನು ಮನಸ್ಸಿನ ಮೂಲೆ ಮೂಲೆ ತಡಕುತ್ತಿದ್ದೆ. ವೈದ್ಯರು ಮೊದಲು ಮಾಡಿಸಿದ್ದು ರಕ್ತಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ವಿಟಮಿನ್ ಡಿ. ಥೈರಾಯ್ಡ್ ಮಂದವಾದರೂ, ರಕ್ತಹೀನತೆ ಇದ್ದರೂ, ಬಿ12 ಕಡಿಮೆಯಾದರೂ ಸುಸ್ತು, ಮಂಕು, ಯಾವುದರಲ್ಲೂ ಗಮನ ನಿಲ್ಲದಿರುವುದು ಎಲ್ಲ ಬರುತ್ತದೆ, ಖಿನ್ನತೆಯ ಹಾಗೆಯೇ ಕಾಣುತ್ತದೆ. ನನ್ನ ಬಿ12 ಪಾತಾಳ ಕಂಡಿತ್ತು. ಕೋಣೆಯಲ್ಲಿ ಟೀ, ಬಿಸ್ಕತ್ತು, ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಿನ್ನುತ್ತಿದ್ದ ಸಸ್ಯಾಹಾರಿಗೆ ಇನ್ನೇನಾಗಬೇಕು? ಅದೊಂದರಿಂದಲೇ ಎಲ್ಲ ಸರಿಹೋಯಿತು ಎನ್ನುವುದಿಲ್ಲ. ಆದರೆ ಅದನ್ನು ನೋಡಿಕೊಳ್ಳದೆ ಮಿಕ್ಕ ಯಾವುದೂ ಸರಿಹೋಗುತ್ತಿರಲಿಲ್ಲ.

ಇನ್ನೊಂದನ್ನು ನೀವೇ ಹೇಳಿಬಿಟ್ಟಿದ್ದೀರಿ, ಕೇಳುವವರಿಲ್ಲ ಎಂದು. ನನ್ನ ಪ್ರಕಾರ ರೋಗದ ಬೇರು ಅಲ್ಲಿದೆ. ಹದಿನೇಳು ವರ್ಷ ಗಂಟೆ ಹೊಡೆದಾಗ ಕುಳಿತು, ಗಂಟೆ ಹೊಡೆದಾಗ ಎದ್ದವರನ್ನು ಒಂದು ದಿನ ಇದ್ದಕ್ಕಿದ್ದಂತೆ ‘ಇನ್ನು ಆರು ವರ್ಷ ನಿಮ್ಮಿಷ್ಟ’ ಎಂದು ಬಿಟ್ಟುಬಿಡುತ್ತಾರೆ. ನಾನು ಮತ್ತು ಒಬ್ಬ ಗೆಳೆಯ ಗ್ರಂಥಾಲಯದಲ್ಲಿ ಎದುರುಬದುರು ಕೂರಲು ಶುರುಮಾಡಿದೆವು. ಅವನದು ಸಸ್ಯಶಾಸ್ತ್ರ, ನನ್ನದು ಕನ್ನಡ. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ, ಹೋಲಿಕೆಯ ಸಂಕಟ ತಪ್ಪಿತು. ಬೆಳಿಗ್ಗೆ ಬಂದ ತಕ್ಷಣ ಇವತ್ತಿನ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ಅದಲುಬದಲು ಮಾಡಿಕೊಳ್ಳುವುದು. ‘ಎರಡನೇ ಅಧ್ಯಾಯ ಮುಗಿಸುವುದು’ ಎಂದು ಬರೆದರೆ ಹರಿದು ಹಾಕುತ್ತಿದ್ದ. ‘ಎರಡು ಶಾಸನಗಳ ಪಾಠ ನೋಡಿ ಒಂದು ಪ್ಯಾರಾ’ ಎಂದರೆ ಜೇಬಿಗೆ ಇಟ್ಟುಕೊಳ್ಳುತ್ತಿದ್ದ, ಸಂಜೆ ಕೇಳುತ್ತಿದ್ದ.

ಆ ಅಜ್ಜನ ಮಾತನ್ನು ಹತ್ತು ನಿಮಿಷ ಸುಮ್ಮನೆ ಕೇಳಿ ನೋಡಿ. ಪೆನ್ನು ಮುಟ್ಟಬೇಡಿ.

ಟೊಮೆಟೊ ಮಂಡಿ, ಕೋಲಾರ

ತಪ್ಪು ತಿಳಿಯಬೇಡಿ. ನಮ್ಮ ತಂದೆ ನಡುರಾತ್ರಿ ಎದ್ದು ಟೊಮೆಟೊ ಬಾಕ್ಸ್ ಹೇರಿಕೊಂಡು ಮಾರುಕಟ್ಟೆಗೆ ಹೋಗುತ್ತಾರೆ. ಗಾಡಿ ಬಾಡಿಗೆಯೂ ಹುಟ್ಟದ ದಿನ ರಸ್ತೆಬದಿಗೆ ಸುರಿದು ಬರುತ್ತಾರೆ. ಅವರಿಗೆ ಖಿನ್ನತೆ ಬಂದಿಲ್ಲ. ನೆರಳಿನಲ್ಲಿ ಕುಳಿತು ಓದುವವರಿಗೇ ಇದೆಲ್ಲ. ನಾಲ್ಕು ದಿನ ಹೊಲದಲ್ಲಿ ಮೈ ಬಗ್ಗಿಸಿ, ನಿದ್ದೆ ತಾನಾಗಿ ಬರುತ್ತದೆ.

ನಾಲ್ಕನೇ ಜ್ವರ, ಶಿಡ್ಲಘಟ್ಟ

ನಮ್ಮದೂ ರೈತರ ಮನೆಯೇ, ರೇಷ್ಮೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹೊತ್ತಿನ ಮಂಪರಿಗೆ ನಾವು ಜ್ವರ ಎನ್ನುತ್ತೇವೆ) ಎದ್ದ ಮೇಲೆ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗೆ, ಒಂದು ವಾರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಸೊಪ್ಪು ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ತಟ್ಟೆ ಖಾಲಿ. ನಾನೂ ಸೊಪ್ಪು ಕೊಯ್ದಿದ್ದೇನೆ, ಹುಳು ಗೂಡು ಕಟ್ಟುವ ಚಂದ್ರಿಕೆ ಹೊತ್ತಿದ್ದೇನೆ. ಈಗ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಆದ್ದರಿಂದ ಎರಡನ್ನೂ ಬಲ್ಲೆ.

ಮೈ ದಣಿದರೆ ನಿದ್ದೆ ಬರುತ್ತದೆ ಎನ್ನುವುದು ನಿಜ. ಆದರೆ ಗೂಡು ಕಣ್ಣಿಗೆ ಕಾಣುತ್ತದೆ. ಬಿಡಿಸಿ ಮಾರುಕಟ್ಟೆಗೆ ಒಯ್ದರೆ ಹರಾಜು ಕೂಗಿ ಅಂದೇ ಬೆಲೆ ಹೇಳುತ್ತಾರೆ. ಒಳ್ಳೆಯದೋ ಕೆಟ್ಟದ್ದೋ, ಆ ಬೆಳೆ ಮುಗಿಯಿತು, ಮನೆಗೆ ಬಂದು ಮಲಗಬಹುದು. ಸಂಶೋಧನೆಯಲ್ಲಿ ವರ್ಷಗಟ್ಟಲೆ ಸೊಪ್ಪು ಹಾಕುತ್ತಲೇ ಇರಬೇಕು, ಹುಳು ಬದುಕಿದೆಯೋ ಇಲ್ಲವೋ ಎಂದು ಹೇಳುವವರೂ ಇರುವುದಿಲ್ಲ. ನನ್ನ ಒಂದು ಪ್ರಯೋಗ ಇಡೀ ಮಳೆಗಾಲ ಕೈಕೊಟ್ಟಿತು. ಆಮೇಲೆ ನೋಡಿದರೆ ದ್ರಾವಕದಲ್ಲಿ ತೇವ ಸೇರಿಕೊಂಡಿತ್ತು. ನನ್ನ ಬುದ್ಧಿಗೇ ತೇವ ಹಿಡಿದಿದೆ ಎಂದು ಅಷ್ಟೂ ತಿಂಗಳು ಬೈದುಕೊಂಡಿದ್ದೆ.

ಇನ್ನು ರೈತರಿಗೆ ಇದೆಲ್ಲ ಬರುವುದಿಲ್ಲ ಎಂಬ ಮಾತು. ನಮ್ಮ ಜಿಲ್ಲೆಗಳಲ್ಲಿ ಕುಳಿತುಕೊಂಡು ಅದನ್ನು ಹೇಗೆ ಹೇಳುತ್ತೀರಿ? ನಿಮ್ಮ ತಂದೆಯವರಿಗೆ ಬಂದಿಲ್ಲವೋ, ಅವರನ್ನು ಯಾರೂ ಕೇಳಿಲ್ಲವೋ?

ಟೊಮೆಟೊ ಮಂಡಿ, ಕೋಲಾರ

ಕೇಳಿಲ್ಲ, ನಿಜ. ಆದರೂ ಮೈ ದುಡಿಮೆಯ ವಿಷಯದಲ್ಲಿ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಹಳೆ ಮೇಷ್ಟ್ರು, ಚಿಕ್ಕಬಳ್ಳಾಪುರ

ನಾನು ನಿವೃತ್ತ ಪ್ರಾಧ್ಯಾಪಕ. ಮೇಷ್ಟ್ರ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ವಿದ್ಯಾರ್ಥಿ ಮೂರು ತಿಂಗಳು ಕಾಣಿಸದಿದ್ದರೆ ನಾವು ‘ಕೆಲಸ ನಡೆಯುತ್ತಿದೆ’ ಎಂದುಕೊಳ್ಳುತ್ತೇವೆ. ಅದೇ ಹೊತ್ತಿನಲ್ಲಿ ಆತ ‘ತೋರಿಸಲು ಏನೂ ಇಲ್ಲ, ಯಾವ ಮುಖ ಹೊತ್ತು ಹೋಗಲಿ’ ಎಂದು ಕೋಣೆಯಲ್ಲಿ ಕುಳಿತಿರುತ್ತಾನೆ. ಆರನೇ ತಿಂಗಳಿಗೆ ನಾವು ಫೋನ್ ಮಾಡಿದಾಗ ಅದು ಆತನಿಗೆ ಪೊಲೀಸ್ ಠಾಣೆಯ ಕರೆಯಂತೆ ಕೇಳಿಸುತ್ತದೆ. ತಾಯಿ, ನೀವೇ ಮೊದಲು ಒಂದು ಪುಟ ಬರೆದು ಕಳುಹಿಸಿ. ಏನು ಮಾಡಿದ್ದೇನೆ, ಎಲ್ಲಿ ನಿಂತಿದ್ದೇನೆ, ಮುಂದಿನ ಭೇಟಿಗೆ ಏನನ್ನು ತರಬಲ್ಲೆ, ಇಷ್ಟೇ. ಮೂರು ಸಂದರ್ಶನಗಳ ಬರಹ ಸಿದ್ಧವಿದ್ದರೆ ಹಾಗೇ ಬರೆಯಿರಿ. ಕ್ಷಮೆ ಕೇಳುವ ಅಗತ್ಯವಿಲ್ಲ. ನಾನಾಗಿದ್ದರೆ ಅಂಥ ಪುಟವನ್ನು ಖುಷಿಯಿಂದ ಓದುತ್ತಿದ್ದೆ, ಏಕೆಂದರೆ ಸಾಮಾನ್ಯವಾಗಿ ನಮಗೆ ಬರುವುದು ಹಬ್ಬದ ಶುಭಾಶಯ ಮಾತ್ರ.

ಮೂರನೇ ವರ್ಷ ಎಂದು ಕಂಗಾಲಾಗಿದ್ದೀರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್.ಡಿ. ನಿಯಮಾವಳಿಯನ್ನು ಒಮ್ಮೆ ಓದಿಕೊಳ್ಳಿ. ಮೂರು ವರ್ಷ ಎನ್ನುವುದು ಕನಿಷ್ಠ ಅವಧಿ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೆ ಅದರ ಮೇಲೂ ಎರಡು ವರ್ಷದ ವಿನಾಯಿತಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ರಜೆ ಸಿಗುತ್ತದೆ. ಮದುವೆ ಅಥವಾ ಬೇರೆ ಕಾರಣದಿಂದ ಊರು ಬದಲಾದ ಮಹಿಳೆಯರು ಸಂಶೋಧನೆಯನ್ನು ಬೇರೆ ಸಂಸ್ಥೆಗೆ ವರ್ಗಾಯಿಸಿಕೊಳ್ಳುವುದಕ್ಕೂ ದಾರಿಯಿದೆ. ಲೇಖನ ಪ್ರಕಟಿಸಿಯೇ ಮಹಾಪ್ರಬಂಧ ಸಲ್ಲಿಸಬೇಕೆಂಬ ಕಡ್ಡಾಯವನ್ನು ಆ ನಿಯಮಾವಳಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತಾನಾಗಿ ಉಳಿಸಿಕೊಂಡಿದೆಯೇ ಎಂದು ಮಾತ್ರ ವಿಚಾರಿಸಿ.

ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಪ್ರಗತಿ ಹೇಳಬೇಕೆಂಬ ನಿಯಮವೂ ಇದೆ. ಇದನ್ನು ವಿದ್ಯಾರ್ಥಿಗಳು ಪರೀಕ್ಷೆ ಎಂದುಕೊಳ್ಳುತ್ತಾರೆ. ಗೈಡ್ ಒಬ್ಬರೇ ಅಲ್ಲದೆ ಇನ್ನಿಬ್ಬರು ಮೂವರು ನಿಮ್ಮ ಕೆಲಸದ ಹೆಸರು ತಿಳಿದಿರಲಿ ಎಂಬುದು ಅದರ ಪ್ರಯೋಜನ.

ಬಂಗಾರಪೇಟೆ ಪ್ಯಾಸೆಂಜರ್

ಸರ್, ನಿಯಮ ಓದಲು ಚೆನ್ನಾಗಿದೆ. ನಾನು ಕಂಡ ಸಲಹಾ ಸಮಿತಿ ಸಭೆ ಎಂದರೆ ಟೀ, ಬಿಸ್ಕತ್ತು, ಸಹಿ. ನಾನು ಓದಿದ ಕಡೆ (ಊರು ಹೇಳುವುದಿಲ್ಲ) ಗೈಡ್ ಮನೆಯ ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ಅವರ ಮಗನ ಆರತಕ್ಷತೆಗೆ ಕುರ್ಚಿ ಜೋಡಿಸುವವರೆಗೆ ಸಂಶೋಧನೆಯ ಭಾಗವೇ ಆಗಿತ್ತು. ಅಂಥವರಿಗೆ ಒಂದು ಪುಟ ಬರೆದು ಕಳುಹಿಸಿದರೆ ‘ಬಹಳ ಬರೆಯಲು ಕಲಿತಿದ್ದೀಯ’ ಎನ್ನುತ್ತಾರೆ. ಆಗ ಏನು ಮಾಡುವುದು? ಧ್ಯಾನವೋ?

ಹಳೆ ಮೇಷ್ಟ್ರು, ಚಿಕ್ಕಬಳ್ಳಾಪುರ

ಅಂಥವರು ಇದ್ದಾರೆ. ಅವರ ಪರವಾಗಿ ನಾನು ವಾದಿಸುವುದಿಲ್ಲ. 2023ರ ಯುಜಿಸಿ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಓಂಬುಡ್ಸ್‌ಪರ್ಸನ್ (ಇಂಥ ಮೇಲ್ಮನವಿ ಕೇಳಲು ನೇಮಿಸಿದವರು) ಬಳಿ ಮೇಲ್ಮನವಿ. ಲೈಂಗಿಕ ಕಿರುಕುಳವಾದರೆ ದಾರಿ ಬೇರೆ, ಆಂತರಿಕ ದೂರು ಸಮಿತಿಗೆ ಹೋಗಬೇಕು. ದೂರಿಗೂ ಮೊದಲು ವಿಭಾಗದ ಮುಖ್ಯಸ್ಥರ ಮೂಲಕ ಗೈಡ್ ಬದಲಾವಣೆಗೆ ಕೇಳಬಹುದು. ಯಾವುದಕ್ಕೂ ಕಾಗದ ಬೇಕು. ಬಾಯಿಮಾತಿನ ಸೂಚನೆ ಬಂದ ದಿನವೇ ‘ತಾವು ಹೇಳಿದಂತೆ’ ಎಂದು ಇಮೇಲ್ ಹಾಕುವ ಅಭ್ಯಾಸ ಮಾಡಿಕೊಳ್ಳಿ. ವಿನಯದಿಂದಲೇ ಹಾಕಿ.

ಇಷ್ಟೆಲ್ಲ ಇದ್ದರೂ ದೂರು ಕೊಟ್ಟ ವಿದ್ಯಾರ್ಥಿಯ ದಾರಿ ಸುಗಮವಾಗಿರುತ್ತದೆ ಎಂದು ನಾನು ಹೇಳಲಾರೆ.

ಕೆಸೆಟ್ ಕಾಯುವವನು, ಗೌರಿಬಿದನೂರು

ಎಲ್ಲರೂ ನಿದ್ದೆ ಕೇಳುತ್ತಾರೆ, ಊಟ ಕೇಳುತ್ತಾರೆ, ಬಾಡಿಗೆ ಕಟ್ಟಿದೆಯಾ ಎಂದು ಯಾರೂ ಕೇಳುವುದಿಲ್ಲ. ಜೆಆರ್‌ಎಫ್ (ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ವೇತನ) ಇದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಅದರ ಹಿರಿಯ ಹಂತ) ಆದರೆ 42,000. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಆಗದವರಿಗೂ 8,000. ನಮ್ಮಂಥವರು ರಾಜ್ಯದ ವಿಶ್ವವಿದ್ಯಾಲಯದಲ್ಲಿ, ಜೆಆರ್‌ಎಫ್ ಇಲ್ಲದೆ ಸೇರಿದವರು, ಮನೆಯ ಹಾಲಿನ ಬಟವಾಡೆ ಹಣದಲ್ಲಿ ಓದುತ್ತಿದ್ದೇವೆ. ಬರಬೇಕಾದ ವಿದ್ಯಾರ್ಥಿವೇತನವೂ ಹೇಳಿದ ತಿಂಗಳಿಗೆ ಬರುವುದಿಲ್ಲ. 2024ರ ಜೂನ್ 18ರಂದು ನೆಟ್ ಬರೆದು ಬಂದೆ, ಮಾರನೆಯ ದಿನವೇ ಪರೀಕ್ಷೆ ರದ್ದು. ಆ ರಾತ್ರಿ ನನಗಾದದ್ದನ್ನು ಖಿನ್ನತೆ ಎನ್ನುತ್ತೀರೋ ಸಿಟ್ಟು ಎನ್ನುತ್ತೀರೋ ನಿಮಗೆ ಬಿಟ್ಟದ್ದು.

ನಾನು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ವಾರದಲ್ಲಿ ಮೂರು ಸಂಜೆ ಪಿಯುಸಿ ಮಕ್ಕಳಿಗೆ ಪಾಠ. ಹಣ ಕಡಿಮೆ, ಆದರೆ ತಿಂಗಳ ಐದನೇ ತಾರೀಖು ಕೈಗೆ ಬರುತ್ತದೆ. ಮಕ್ಕಳು ‘ಸರ್, ಅರ್ಥವಾಯಿತು’ ಎನ್ನುವುದು ಬೇರೆ ಲಾಭ, ನನ್ನ ಥೀಸಿಸ್ ಒಮ್ಮೆಯೂ ಹಾಗೆ ಹೇಳಿಲ್ಲ. ಇಂದಿರಾ ಕ್ಯಾಂಟೀನ್‌ನಲ್ಲಿ ತಿನ್ನಲು ನಾಚಿಕೆ ಬಿಟ್ಟಿದ್ದೇನೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನ ಖರ್ಚು ಇಲ್ಲ. ನೀರುಗಂಟಿಯವರೇ, ಕ್ಷೇತ್ರಕಾರ್ಯಕ್ಕೆ ಅದನ್ನು ಪೂರ್ತಿ ಬಳಸಿಕೊಳ್ಳಿ.

ಅಂಕಿಸಂಖ್ಯೆ, ತುಮಕೂರು

ಸೋಮಾರಿತನವೋ ಎಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯಲ್ಲಿ 26 ದೇಶಗಳ 2,279 ವಿದ್ಯಾರ್ಥಿಗಳಿದ್ದರು, ಬಹುಪಾಲು ಪಿಎಚ್.ಡಿ.ಯವರು. ಶೇ. 41 ಮಂದಿಯಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, ಶೇ. 39 ಮಂದಿಯಲ್ಲಿ ಅದೇ ಮಟ್ಟದ ಖಿನ್ನತೆ ಕಂಡುಬಂತು. ಸಾಮಾನ್ಯ ಜನರಿಗೆ ಹೋಲಿಸಿದರೆ ಆರು ಪಟ್ಟು ಹೆಚ್ಚು ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ.

ಅದನ್ನು ಹಾಗೆಯೇ ನುಂಗಬೇಡಿ. ಉತ್ತರಿಸಿದವರು ತಾವಾಗಿ ಮುಂದೆ ಬಂದವರು, ನೊಂದವರು ಇಂಥ ಪ್ರಶ್ನಾವಳಿಗೆ ಹೆಚ್ಚು ಉತ್ತರಿಸುತ್ತಾರೆ. ಅದಕ್ಕಿಂತ ಹಿಂದಿನ ವರ್ಷ ಪ್ರಕಟವಾದ, ಬೆಲ್ಜಿಯಂನ ಫ್ಲಾಂಡರ್ಸ್‌ನ ಅಧ್ಯಯನ ಹೆಚ್ಚು ಗಟ್ಟಿ. ಅಲ್ಲಿ ಮೂವರಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆಯ ಅಪಾಯವಿತ್ತು, ಅದರ ಜೊತೆ ತಳಕು ಹಾಕಿಕೊಂಡದ್ದು ಕೆಲಸದ ಒತ್ತಡ, ಮನೆ ಮತ್ತು ಕೆಲಸದ ನಡುವಿನ ತಿಕ್ಕಾಟ, ಗೈಡ್ ನಡೆಸಿಕೊಳ್ಳುವ ರೀತಿ. ಬೆಲ್ಜಿಯಂನವರಿಗೆ ಗೌರಿಬಿದನೂರಿನವರ ಬಾಡಿಗೆ ಚಿಂತೆ ಇರಲಿಲ್ಲ ಎಂದುಕೊಳ್ಳುತ್ತೇನೆ. ಆದ್ದರಿಂದ ನಮ್ಮ ಲೆಕ್ಕ ಅದಕ್ಕಿಂತ ಹಗುರವಾಗಿರಲಾರದು.

ನಿರ್ವಾಹಕ

ಒಂದು ಪ್ರತಿಕ್ರಿಯೆಯನ್ನು ತೆಗೆದುಹಾಕಿದ್ದೇವೆ. ನಿದ್ದೆ ಮಾತ್ರೆಯ ಹೆಸರು, ಪ್ರಮಾಣ ಇಲ್ಲಿ ಬರೆಯಬೇಡಿ. ಗೆಳೆಯನಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ.

ಮಂಗಳವಾರದ ಓಪಿಡಿ, ತುಮಕೂರು

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜಕಾರ್ಯಕರ್ತೆಯಾಗಿ ಕೆಲಸ ಮಾಡಿದ್ದೇನೆ. ಓದಿದವರು ನಮ್ಮ ಬಳಿ ಬರುವುದು ಎಲ್ಲರಿಗಿಂತ ತಡ. ಅಂತರ್ಜಾಲದಲ್ಲಿ ಎಲ್ಲ ಓದಿರುತ್ತಾರೆ, ಬಾಗಿಲು ಮಾತ್ರ ದಾಟಿರುವುದಿಲ್ಲ. ಆದ್ದರಿಂದ ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ.

ಜಿಲ್ಲಾ ಆಸ್ಪತ್ರೆಯಲ್ಲಿ ಎಲ್ಲರ ಹಾಗೆ ಹೊರರೋಗಿ ಚೀಟಿ ಮಾಡಿಸಬೇಕು. ಮನೋವೈದ್ಯರ ಕೋಣೆಯ ಹೊರಗೆ ಬೆಂಚಿನಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ಕಾಣುತ್ತಾರೆ: ಮಗುವನ್ನು ಎತ್ತಿಕೊಂಡ ತಾಯಿ, ತಲೆನೋವು ಎಂದು ಬಂದ ಕಂಡಕ್ಟರ್, ಕುಡಿತ ಬಿಡಲು ಬಂದವರು, ಪುಸ್ತಕದ ಚೀಲ ತೊಡೆಯ ಮೇಲಿಟ್ಟುಕೊಂಡ ಹುಡುಗ. ಒಳಗೆ ಕೇಳುವುದು ಸರಳ ಪ್ರಶ್ನೆಗಳು. ಎಷ್ಟು ದಿನದಿಂದ? ನಿದ್ದೆ ಹೇಗೆ? ಹಸಿವು? ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗಲೂ ಕೊಡುತ್ತದೆಯೇ? ಸಾಯಬೇಕೆನಿಸಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ, ಬೆಚ್ಚಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ಒಂದು ಅವಕಾಶ ಸಿಗುತ್ತದೆ. ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಪಿಎಚ್‌ಕ್ಯೂ-9 ಎಂದು ಹೆಸರು, ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು ಎಂಬುದು ರೂಢಿಯ ಗುರುತು. ಅದೇ ತೀರ್ಪಲ್ಲ.

ಎಲ್ಲರಿಗೂ ಮಾತ್ರೆ ಕೊಡುವುದಿಲ್ಲ. ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದೂ ಉಂಟು. ಆ ಹೊತ್ತಿಗೇ ಬಹಳ ಮಂದಿ ‘ಇದು ಕೆಲಸ ಮಾಡುವುದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗುಣವಾಯಿತೆಂದು ಹೇಳದೆ ಕೇಳದೆ ನಿಲ್ಲಿಸುವುದೂ ಸರಿಯಲ್ಲ, ವೈದ್ಯರು ಹಂತ ಹಂತವಾಗಿ ಇಳಿಸುತ್ತಾರೆ.

ಊರಿನವರಿಗೆ ಗೊತ್ತಾದರೆ ಎಂಬ ಭಯ ಎಲ್ಲರಿಗೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ವಿಷಯವನ್ನು ಗುಟ್ಟಾಗಿಡುವುದು ಚಿಕಿತ್ಸೆ ಕೊಡುವವರ ಹೊಣೆ. ಗೈಡ್‌ಗೆ, ಕಾಲೇಜಿಗೆ ಯಾರೂ ಪತ್ರ ಬರೆಯುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ, ಮನೋಚೈತನ್ಯ ಎಂದು ಕರೆಯುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ಹೋಗಿ, ಸುಮ್ಮನೆ ಬಸ್ ಹತ್ತಬೇಡಿ.

ರಾತ್ರಿ ಎರಡಕ್ಕೆ ಯಾವ ಓಪಿಡಿಯೂ ತೆರೆದಿರುವುದಿಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ಕರೆ ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಇಡೀ ದೇಶಕ್ಕೆ ಅದರ ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ನದು. ಸಾಯುವ ಯೋಚನೆ ಗಟ್ಟಿಯಾಗಿ ಕಾಡುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಕರೆ ಮಾಡಿ, ಪಕ್ಕದ ಕೋಣೆಯವರನ್ನು ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಟೊಮೆಟೊ ಮಂಡಿಯವರೇ, ಮೈ ದುಡಿಮೆಯ ಬಗ್ಗೆ ನೀವು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಸೌಮ್ಯ ಖಿನ್ನತೆಗೆ ನಡಿಗೆ, ವ್ಯಾಯಾಮದಿಂದ ನಿಜವಾಗಿಯೂ ಅನುಕೂಲವಿದೆ. ಆದರೆ ಹಾಸಿಗೆಯಿಂದ ಏಳಲಾರದವರಿಗೆ ‘ಹೊಲಕ್ಕೆ ಹೋಗು’ ಎಂದರೆ ಅವರು ಹೋಗುವುದಿಲ್ಲ, ತಮ್ಮನ್ನು ಇನ್ನಷ್ಟು ಹಳಿದುಕೊಳ್ಳುತ್ತಾರೆ.

ತಿಪಟೂರು ಕೊಬ್ಬರಿ

ಮನೆಯವರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನಗೆ ಮದುವೆಯಾಗಿದೆ, ಮಗುವಿದೆ, ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ನಡೆಯುತ್ತಿದೆ (ಕುಂಟುತ್ತಿದೆ ಎನ್ನಿ). ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದವರೆಲ್ಲ ‘ಯಾವಾಗ ಮುಗಿಯುತ್ತದೆ’ ಎಂದು ಕೇಳಿದರೆ ಮೊದಲೆಲ್ಲ ತಾರೀಖು ಹೇಳುತ್ತಿದ್ದೆ. ಆ ತಾರೀಖು ದಾಟಿದ ಮೇಲೆ ಅವರಿಗಿಂತ ನನಗೇ ಅವಮಾನ. ಈಗ ‘ಕೊಬ್ಬರಿ ಬೆಲೆಯ ಅಧ್ಯಾಯ ನಡೆಯುತ್ತಿದೆ’ ಎನ್ನುತ್ತೇನೆ. ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಎಂದರೆ ಸಾಕು, ಪ್ರಶ್ನೆ ಕೇಳಿದವರೇ ಮುಂದಿನ ಅರ್ಧ ಗಂಟೆ ಮಾತನಾಡುತ್ತಾರೆ. ಒಂದೆರಡು ಸಲ ಒಳ್ಳೆಯ ಮಾಹಿತಿಯೂ ಸಿಕ್ಕಿದೆ.

ಅತ್ತೆಗೆ ನಾನು ಲ್ಯಾಪ್‌ಟಾಪ್ ಮುಂದೆ ಕುಳಿತರೆ ಬಿಡುವಾಗಿದ್ದೇನೆ ಎಂದೇ ಅನಿಸುತ್ತಿತ್ತು. ಒಂದು ದಿನ ಕುಳ್ಳಿರಿಸಿಕೊಂಡು ಎರಡು ಪುಟ ಓದಿ ಹೇಳಿದೆ. ಕಾಯಿ ಸುಲಿಯುವ ಕೂಲಿಯ ಬಗ್ಗೆ ನಾನು ಬರೆದದ್ದು ಸರಿಯಿಲ್ಲ ಎಂದು ತಿದ್ದಿದರು. ಅಲ್ಲಿಂದಾಚೆಗೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಗು ಅವರ ಪಾಲು. ಎಲ್ಲ ಮನೆಗಳಲ್ಲೂ ಇಷ್ಟು ಸಲೀಸಾಗುತ್ತದೆ ಎಂದು ಹೇಳುತ್ತಿಲ್ಲ, ನನ್ನ ಅತ್ತೆಗೆ ಲೆಕ್ಕ ಇಷ್ಟ.

ನೀರುಗಂಟಿ, ನಿನಗೆ ಅಕ್ಕನಾಗಿ ಒಂದು ಮಾತು. ತಾಯಿಗೆ ಮಾತ್ರ ನಿಜ ಹೇಳು. ಸಂಬಂಧಿಕರಿಗೆ ಹೇಳುವುದು ಬೇಡ.

ನೀರುಗಂಟಿ, ತುಮಕೂರು

ಎಲ್ಲರ ಉತ್ತರಗಳನ್ನೂ ಓದಿದೆ, ಕೆಲವನ್ನು ಎರಡು ಸಲ. ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯಲು ಆಗುತ್ತಿಲ್ಲ, ಬೇಸರಿಸಬೇಡಿ.

ಅಮ್ಮನಿಗೆ ಹೇಳಿದೆ. ‘ಅಳುತ್ತಿದ್ದೆಯಾ?’ ಎಂದಷ್ಟೇ ಕೇಳಿ ಮರುದಿನ ಹುರಳಿಕಾಳು, ಹುರಿಹಿಟ್ಟು, ತುಪ್ಪ ಕಟ್ಟಿಕೊಂಡು ಬಸ್ ಹತ್ತಿ ಬಂದರು. ಆಸ್ಪತ್ರೆಗೂ ಅವರೇ ಜೊತೆಗೆ ಬಂದರು. ರಕ್ತಹೀನತೆ ಇದೆ, ಥೈರಾಯ್ಡ್ ಸರಿಯಿದೆ. ಮನೋವೈದ್ಯರು ಸದ್ಯಕ್ಕೆ ಕಬ್ಬಿಣಾಂಶದ ಮಾತ್ರೆ ಮುಂದುವರಿಸಿ, ಆಪ್ತಸಮಾಲೋಚಕರನ್ನು ಕಂಡು, ಮುಂದಿನ ತಿಂಗಳು ಮತ್ತೆ ಬನ್ನಿ ಎಂದಿದ್ದಾರೆ. ನಿದ್ದೆಗೆ ಅವರು ಹೇಳಿದ್ದು ನನಗೆ ಹೊಸದು. ಮಲಗುವ ಸಮಯದ ಗೊಡವೆ ಬಿಟ್ಟು ಏಳುವ ಸಮಯವನ್ನು ಗಟ್ಟಿ ಹಿಡಿಯಿರಿ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ತೆರೆಯಬೇಡಿ, ನಿದ್ದೆ ಬಾರದಿದ್ದರೆ ಹೊರಳಾಡುವ ಬದಲು ಎದ್ದು ಕುಳಿತುಕೊಳ್ಳಿ ಎಂದರು. ಕೋಣೆಯಲ್ಲಿ ಹಾಸಿಗೆ ಬಿಟ್ಟರೆ ಕೂರಲು ಜಾಗವಿಲ್ಲ ಎಂದೆ. ಹಾಗಾದರೆ ಹಗಲು ಕೋಣೆಯಲ್ಲಿ ಇರಲೇಬೇಡಿ ಎಂದರು.

ಮೇಷ್ಟ್ರು ಹೇಳಿದ ಒಂದು ಪುಟ ಕಳುಹಿಸಿದ್ದೇನೆ. ಗೈಡ್ ಇನ್ನೂ ಉತ್ತರಿಸಿಲ್ಲ. ಅದು ನನ್ನನ್ನು ಕಾಡುತ್ತಿದೆ, ಸುಳ್ಳು ಹೇಳುವುದಿಲ್ಲ.

ಅಜ್ಜನ ಮಾತಿನಲ್ಲಿ ತೂಬಿನ ಕಲ್ಲಿನವರೆಗೆ ಬಂದಿದ್ದೇನೆ. ತುಮಕೂರಿನಲ್ಲಿ ಯಾರಾದರೂ ಹಗಲು ಜೊತೆಯಲ್ಲಿ ಕುಳಿತು ಓದುವವರಿದ್ದರೆ ಹೇಳಿ, ವಿಷಯ ಯಾವುದಾದರೂ ಸರಿ. ಚೀಟಿ ನಾನು ತರುತ್ತೇನೆ.

ಅಂಕಿಸಂಖ್ಯೆ, ತುಮಕೂರು

ನಾನು ಸಂಖ್ಯಾಶಾಸ್ತ್ರ, ಸೋಮವಾರ ಮತ್ತು ಗುರುವಾರ ಬರಬಲ್ಲೆ. ಗ್ರಂಥಾಲಯಕ್ಕೆ ಹತ್ತಕ್ಕೆ ಮೊದಲೇ ಬನ್ನಿ, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಯವರು ಎಲ್ಲ ಮೇಜು ಹಿಡಿಯುತ್ತಾರೆ. ನಾಲ್ಕಕ್ಕೆ ಅಮಾನಿಕೆರೆಯ ಕಡೆ ಒಂದು ಸುತ್ತು ನಡೆಯುವ ಅಭ್ಯಾಸ ನನಗಿದೆ, ಇಷ್ಟವಿದ್ದರೆ ಬರಬಹುದು. ನಡೆಯುವಾಗ ಥೀಸಿಸ್ ಮಾತು ಬೇಡ.

ಹಳೆ ಮೇಷ್ಟ್ರು, ಚಿಕ್ಕಬಳ್ಳಾಪುರ

ಹತ್ತು ದಿನ ನೋಡಿ, ಉತ್ತರ ಬಾರದಿದ್ದರೆ ಅದೇ ಪುಟವನ್ನು ಮುದ್ರಿಸಿಕೊಂಡು ವಿಭಾಗಕ್ಕೆ ಹೋಗಿ ಕೈಗೆ ಕೊಡಿ. ಇಮೇಲ್ ನೋಡದ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅದು ನಿಮ್ಮ ಮೇಲಿನ ಕೋಪವಲ್ಲ.

ಬಂಗಾರಪೇಟೆ ಪ್ಯಾಸೆಂಜರ್

ನನಗೆ ತುಮಕೂರು ದೂರ. ಕೋಲಾರದಲ್ಲಿ ಇದೇ ರೀತಿ ಕೂರುವವರಿದ್ದರೆ ಹೇಳಿ, ಬುಧವಾರ ನನಗೆ ಪ್ರಯೋಗಾಲಯದ ಕೆಲಸವಿಲ್ಲ.

ಅಂತರಗಂಗೆ ಮೆಟ್ಟಿಲು, ಕೋಲಾರ

ಬುಧವಾರ ನನ್ನ ತರಗತಿ ಹನ್ನೊಂದಕ್ಕೆ ಮುಗಿಯುತ್ತದೆ, ಆಮೇಲೆ ಬರುತ್ತೇನೆ. ಊಟ ಮನೆಯಿಂದಲೇ ತನ್ನಿ, ಬಿಸ್ಕತ್ತು ತಂದರೆ ಸೇರಿಸಿಕೊಳ್ಳುವುದಿಲ್ಲ.